ದಕ್ಷಿಣ ಗೋಡೆ, ಹದಿನಾಲ್ಕನೆಯ ಹಾಳೆ

ಜನವರಿ 6, ಸೋಮವಾರ

ಎರಡು ಪುಸ್ತಕ ಬರೆಯುವ ಗ್ರಹಚಾರ ಬಂದಿದೆ. ಒಂದು ಕಚೇರಿಯದು. ಇಂದು ಎಷ್ಟು ಕಲ್ಲು ಅಳೆದೆ, ಯಾವ ಹಾಳೆ ಮುಗಿಯಿತು ಎಂದು ಬರೆದು ಅದಕ್ಕೆ ಇಂಜಿನಿಯರ್ ಸಹಿ ಹಾಕಿಸಬೇಕು. ಇನ್ನೊಂದು ಇದು. ಇದಕ್ಕೆ ಯಾರ ಸಹಿಯೂ ಬೇಕಿಲ್ಲ. ಆದ್ದರಿಂದ ಮೊದಲ ದಿನವೇ ನಿಜ ಬರೆದುಬಿಡುತ್ತೇನೆ: ಈ ಕೋಟೆಯ ಮುಖ ಮತ್ತೊಮ್ಮೆ ನೋಡುವ ಆಸೆ ನನಗಿರಲಿಲ್ಲ.

ಮೂವತ್ತೊಂದು ವರ್ಷದ ಹಿಂದೆ ಇದನ್ನು ಕಲ್ಲು ಕಲ್ಲಾಗಿ ಹಾಳೆಗೆ ಇಳಿಸಿದವಳು ನಾನೇ. ಆಗ ನನಗೆ ಇಪ್ಪತ್ನಾಲ್ಕು. ಮಾವನವರು ಆಗಿನ್ನೂ ಮಾವನವರಲ್ಲ, ಇತಿಹಾಸದ ಮೇಷ್ಟ್ರು. ಕೋಟೆಯ ಚರಿತ್ರೆ ಬರೆಯುತ್ತಿದ್ದರು, ನಕ್ಷೆಗೆಂದು ನನ್ನನ್ನು ಕರೆತಂದರು. ದಕ್ಷಿಣ ಗೋಡೆಯ ಹಾಳೆಗಳನ್ನು ನೋಡಿ, ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವ ಹುಡುಗಿ ನಮ್ಮ ಮನೆಗೇ ಬರಲಿ ಎಂದು ಮಗನಿಗೆ ತಂದುಕೊಂಡರು. "ನನ್ನನ್ನ ಒಪ್ಪಿದ್ದು ನೀವಲ್ಲ, ನಿಮ್ಮಪ್ಪ" ಎಂದು ಇವರನ್ನು ಈಗಲೂ ರೇಗಿಸುತ್ತೇನೆ.

ಈಗ ಬಿದ್ದ ಗೋಡೆಗಳನ್ನು ಎತ್ತಿ ನಿಲ್ಲಿಸುತ್ತಿದ್ದಾರೆ. ಹಳೆಯ ನಕ್ಷೆ ಬರೆದವರೇ ಬಂದು ಇನ್ನೊಮ್ಮೆ ತಾಳೆ ನೋಡಿಕೊಡಲಿ ಎಂದು ಕಚೇರಿಯಿಂದ ಪತ್ರ ಬಂತು. ಮಾವನವರಿಗೆ ಎಂಬತ್ತೆಂಟು, ಕಣ್ಣು ಪೂರಾ ಮಂಜು. "ಆ ಗೋಡೆ ಪೂರ್ತಿ ಆಯ್ತು ಅಂತ ಕೇಳಿಕೊಂಡು ಹೋಗ್ತೀನಮ್ಮ" ಅಂದರು. ಅಲ್ಲಿಗೆ ಮುಗಿಯಿತು. ಐವತ್ತೈದು ವರ್ಷದ ಮಂಡಿಯನ್ನು ಎಳೆದುಕೊಂಡು ಸೊಸೆ ಬೆಟ್ಟ ಹತ್ತಿದಳು.

ಬೆಟ್ಟದ ಬುಡದಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಮಂಚ, ಮೇಜು, ಒಂದು ಕಿಟಕಿ. ಕಿಟಕಿ ತೆರೆದರೆ ಎದುರಿನ ಚಹಾದಂಗಡಿಯ ಹೊಗೆ ನೇರ ಮೂಗಿಗೆ ಬರುತ್ತದೆ.

ಜನವರಿ 9, ಗುರುವಾರ

ಕೆಲಸದವರು ನನಗೆ ನಕ್ಷೆಯಮ್ಮ ಎಂದು ಹೆಸರಿಟ್ಟಾಯಿತು. ಕಲ್ಲಿನ ಮೇಸ್ತ್ರಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಮಾತಿಗಿಂತ ಕೆಮ್ಮು ಜಾಸ್ತಿ, ಆದರೆ ಕಲ್ಲನ್ನು ಮುಟ್ಟಿದರೆ ಅದರ ಜಾತಕ ಹೇಳುತ್ತಾನೆ. ಇಂಜಿನಿಯರ್ ಇನ್ನೂ ಮೂವತ್ತು ದಾಟಿಲ್ಲ. ಫೆಬ್ರವರಿ ಇಪ್ಪತ್ತೆಂಟಕ್ಕೆ ಉದ್ಘಾಟನೆ ಎಂಬುದೊಂದೇ ಅವನ ಜಪ.

ಕುಡಿಯುವ ನೀರು, ಚಹಾ ಎರಡನ್ನೂ ಎದುರಿನ ಅಂಗಡಿಯಾಕೆ ದಿನಕ್ಕೆರಡು ಸಲ ಹೊತ್ತು ತರುತ್ತಾಳೆ. ನಲವತ್ತೈದರ ಹೆಂಗಸು. ಚಹಾ ಬರೀ ಕಲಗಚ್ಚು. ಬಾಯಿ ಮಾತ್ರ ಖಾರ.

"ಸಕ್ಕರೆ ಕಮ್ಮಿ ಆಯ್ತಲ್ಲಮ್ಮಾ" ಅಂದೆ.

"ಕುಡಿಯೋರ ಮಾತಲ್ಲೂ ಕಮ್ಮೀನೇ ಇದೆ, ಸರಿಹೋಯ್ತು ಬಿಡಿ" ಅಂದಳು.

ಆಕೆ ಹೋದ ಮೇಲೆ ಕೂಲಿಯವನೊಬ್ಬ ನಕ್ಕು, "ಗೋಡೆ ತೋರಿಸಿದೋರ ಮನೆಯವಳು ಅಲ್ವಾ, ಅಷ್ಟು ಜೋರಿರಬೇಕಾದ್ದೇ" ಅಂದ. ಅದು ಆ ಮನೆಯವರಿಗೆ ಊರಿಟ್ಟ ಹೆಸರಂತೆ. ಮಾವನವರ ಪುಸ್ತಕದಿಂದ ಹುಟ್ಟಿದ್ದು.

ಕೋಟೆಯ ಚರಿತ್ರೆ ಅಂತ ಇರುವುದೇ ಅಷ್ಟು. ಆರುನೂರು ವರ್ಷದ ಹಿಂದೆ ಒಬ್ಬ ಸಣ್ಣ ದೊರೆ ಈ ಬೋಳು ಬೆಟ್ಟದ ಮೇಲೆ ಮೂರು ಸುತ್ತು ಗೋಡೆ ಎಬ್ಬಿಸಿದ. ಮೊಮ್ಮಗನ ಕಾಲದಲ್ಲಿ ಪಕ್ಕದ ದೊಡ್ಡ ರಾಜ ಬಂದು ಐದು ತಿಂಗಳು ಮುತ್ತಿಗೆ ಹಾಕಿದ. ಕೋಟೆ ಬಿತ್ತು, ಆಮೇಲೆ ಇಲ್ಲಿ ಯಾರೂ ವಾಸ ಮಾಡಲಿಲ್ಲ. ಬರವಣಿಗೆ ಎಂದರೆ ಗೆದ್ದವನ ಕಡೆಯ ಕರಣಿಕ ಬರೆದಿಟ್ಟ ಹನ್ನೆರಡು ಸಾಲು. ಅದರಲ್ಲಿ ಹತ್ತನೆಯದು ಹೀಗಿದೆ: 'ನೀರಿನವಳು ದಕ್ಷಿಣದ ಗೋಡೆಯಿಂದ ಹೊರಗೆ ಬಂದಳು. ತಿರುಗಿ ಹೋಗಲಿಲ್ಲ. ಎಂಟನೆಯ ದಿನ ಕೋಟೆ ನಮ್ಮದಾಯಿತು.'

ದಕ್ಷಿಣ ಗೋಡೆಯಲ್ಲಿ ದೊಡ್ಡ ಒಡಕು ಇದೆ, ನನ್ನ ನಕ್ಷೆಯಲ್ಲೂ ಇದೆ. ಮಾವನವರು ಎರಡನ್ನೂ ಜೋಡಿಸಿದರು. ನೀರು ಹೊರುವವಳು ಹೊರಬಿದ್ದು ಗೋಡೆ ಎಲ್ಲಿ ಸಡಿಲ ಎಂದು ಶತ್ರುವಿಗೆ ತೋರಿಸಿಕೊಟ್ಟಳು, ಅವರು ಎಂಟು ದಿನದಲ್ಲಿ ಕಲ್ಲೆಸೆಯುವ ಯಂತ್ರ ತಂದು ಅಲ್ಲೇ ಹೊಡೆದರು. ನೀರು ಹೊರುತ್ತಿದ್ದ ಮನೆತನ ಇವತ್ತಿಗೂ ಬೆಟ್ಟದ ಬುಡದಲ್ಲೇ ಇದೆ. ಚರಿತ್ರೆ ಅಂದಮೇಲೆ ಯಾರಿಗಾದರೂ ಒಬ್ಬರಿಗೆ ಚುಚ್ಚಿಯೇ ಚುಚ್ಚುತ್ತದೆ. ಅದಕ್ಕೆ ನಾನೇನು ಮಾಡಲಿ?

ಜನವರಿ 12, ಭಾನುವಾರ

ಬಲಗೈ ನಡುಗುತ್ತಿದೆ. ಎಡಗೈಯಲ್ಲಿ ಮಣಿಕಟ್ಟು ಹಿಡಿದುಕೊಂಡು ಬರೆದರೆ ಗೆರೆ ನೆಟ್ಟಗೆ ಬರುತ್ತದೆ. ಇಂಜಿನಿಯರ್ ಬಂದಾಗ ಕೈ ಕಟ್ಟಿಕೊಂಡು ನಿಲ್ಲುತ್ತೇನೆ. ಇವರಿಗೂ ಹೇಳಿಲ್ಲ.

ಜನವರಿ 14, ಮಂಗಳವಾರ

ಇಂದು ಒಡಕಿನ ಬಳಿ ಸಾರುವೆ ಕಟ್ಟಿ ಮುಗಿಸಿದರು. ಅಂದು ಹದಿನಾಲ್ಕನೆಯ ಹಾಳೆಯಲ್ಲಿ ಬರೆದ ಭಾಗ ಇದೇ. ಬಳ್ಳಿ, ಮುಳ್ಳು ಎಲ್ಲ ಕಿತ್ತುಹಾಕಿದ್ದಾರೆ. ಒಂದೊಂದೇ ಹಲಗೆ ಹಿಡಿದುಕೊಂಡು ಹತ್ತಿದೆ. ಒಡಕಿನ ಪಶ್ಚಿಮದ ಅಂಚಿಗೆ ತೂಗುಗುಂಡು ಬಿಟ್ಟೆ. ದಾರ ಮೇಲಿನಿಂದ ಕೆಳಗಿನವರೆಗೂ ಕಲ್ಲಿಗೆ ಒತ್ತಿಕೊಂಡು ನಿಂತಿತು.

ಒಡೆದುಹೋದ ಗೋಡೆಯ ಅಂಚು ಹಾಗೆ ನೆಟ್ಟಗಿರುವುದಿಲ್ಲ. ಯಾರೋ ಆಮೇಲೆ ರಿಪೇರಿ ಮಾಡಿರಬೇಕು.

ಜನವರಿ 15, ಬುಧವಾರ

ರಿಪೇರಿ ಅಲ್ಲ.

ಪೂರ್ವದ ಅಂಚೂ ನೆಟ್ಟಗಿದೆ. ಎರಡೂ ಕಡೆ ಎದೆಯ ಮಟ್ಟಕ್ಕೆ ಚೌಕದ ತೂತು, ಒಂದಕ್ಕೊಂದು ಎದುರುಬದುರು. ಮೇಸ್ತ್ರಿಯನ್ನು ಕರೆದೆ. ಅವನು ತೂತಿನೊಳಗೆ ಮೊಳಕೈವರೆಗೂ ಕೈ ಹಾಕಿ ಸವರಿದ.

"ಅಗುಳಿ ಹಾಕೋ ತೂತು. ಒಳಗೆ ನೋಡಿ, ಮರ ಉಜ್ಜಿ ಉಜ್ಜಿ ನುಣ್ಣಗಾಗಿದೆ. ಕದ ಇತ್ತಮ್ಮ ಇಲ್ಲಿ."

"ಮುರಿದ ಕಲ್ಲಲ್ವಾ?"

"ಮುರಿದಿರೋದು ನನ್ನ ಸೊಂಟ. ಇದು ಉಳಿ ಹಿಡಿದು ಮುಗಿಸಿರೋ ಕಲ್ಲು. ಕಟ್ಟುವಾಗಲೇ ಬಿಟ್ಟ ಜಾಗ" ಅಂದು ಕೆಮ್ಮುತ್ತ ಇಳಿದು ಹೋದ.

ಈ ಪುಸ್ತಕಕ್ಕೆ ಯಾರ ಸಹಿಯೂ ಬೇಕಿಲ್ಲವಾದ್ದರಿಂದ ಇದನ್ನೂ ಬರೆಯಬೇಕು. ನಮ್ಮ ಕೆಲಸದಲ್ಲಿ ಕಟ್ಟಿದ ಅಂಚಿಗೆ ನೇರ ಗೆರೆ, ಮುರಿದ ಅಂಚಿಗೆ ಗರಗಸದ ಹಲ್ಲಿನಂಥ ಗೆರೆ. ಅಂದು ಕೊನೆಯ ದಿನ. ಒಳಗಡೆಯಿಂದ ಹತ್ತಿರ ಹೋಗಲು ಮುಳ್ಳು ಬಿಡಲಿಲ್ಲ; ಹೊರಗಡೆಯಿಂದ, ಗೋಡೆ ನಿಂತಿರುವ ಬಂಡೆಯ ಅಂಚಿಗೆ ಏಣಿ ಒಂದು ಮೊಳ ಗಿಡ್ಡವಾಗಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು, ಸಂಜೆಯ ಬಸ್ಸು ಹಿಡಿಯಬೇಕಿತ್ತು. ಕೆಳಗೆ ನಿಂತೇ ನೋಡಿದೆ. ಬಳ್ಳಿಯ ನಡುವೆ ಗೋಡೆ ಇಲ್ಲ, ಆಚೆ ಆಕಾಶ ಕಾಣುತ್ತಿದೆ. ಹಾಗಾದರೆ ಮುರಿದಿದೆ. ಅಕ್ಕಪಕ್ಕದ ನೂರಾರು ಕಲ್ಲುಗಳನ್ನು ಅಳೆದು ಬರೆದೆ, ಆ ಎರಡು ಅಂಚಿಗೆ ಮಾತ್ರ ಗರಗಸದ ಗೆರೆ ಎಳೆದುಬಿಟ್ಟೆ. ಎರಡು ನಿಮಿಷದ ಕೆಲಸ.

ಉಳಿದದ್ದೆಲ್ಲ ಅಷ್ಟು ಚೆನ್ನಾಗಿದ್ದುದರಿಂದ ಅದನ್ನೂ ಎಲ್ಲರೂ ನಂಬಿದರು.

ಜನವರಿ 17, ಶುಕ್ರವಾರ

ಚಳಿ. ಕೈ ನಡುಕ ಹೆಚ್ಚಾಗಿದೆ. ಚಹಾ ಇವತ್ತು ಪರವಾಗಿಲ್ಲ.

ಜನವರಿ 20, ಸೋಮವಾರ

ಕಚೇರಿಯ ಪುಸ್ತಕದಲ್ಲಿ ನಾಲ್ಕನೆಯ ಸಲ ಬರೆದೆ: 'ಹಾಳೆ 14 ಬಾಕಿ.' ಇಂಜಿನಿಯರ್ ಓದದೆ ಸಹಿ ಹಾಕಿದ.

ಇಂದು ದಕ್ಷಿಣ ಗೋಡೆಯ ಪಕ್ಕದಲ್ಲಿ ನೆಡುವ ಫಲಕ ಬಂತು. ಕಬ್ಬಿಣದ ತಗಡು, ಬಿಳಿ ಅಕ್ಷರ. 'ನೀರು ಹೊರುವವಳ ದ್ರೋಹದಿಂದ ಶತ್ರುಗಳು ಇಲ್ಲಿಯೇ ಗೋಡೆಯನ್ನು ಭೇದಿಸಿದರು. ಅಂದು ಮುರಿದದ್ದನ್ನು ಇಂದು ಮತ್ತೆ ಕಟ್ಟಲಾಗಿದೆ.' ಕೆಳಗೆ ಮಾವನವರ ಪುಸ್ತಕದ ಹೆಸರು. ಉದ್ಘಾಟನೆಯ ದಿನ ಆ ಪುಸ್ತಕ ಮರುಮುದ್ರಣವಾಗಿ ಬರುತ್ತದೆ, ಅವರಿಗೆ ಸನ್ಮಾನವೂ ಇದೆ. ಇಂಜಿನಿಯರ್ ಹೇಳುವಂತೆ ಫೆಬ್ರವರಿ ಹದಿನಾಲ್ಕರಂದು ಒಡಕಿಗೆ ಕಲ್ಲು ತುಂಬಲು ಶುರು. ತುಂಬಿ ಗಾರೆ ಹಾಕಿದರೆ ಮುಗಿಯಿತು. ಆಮೇಲೆ ತೂತೂ ಇಲ್ಲ, ಅಂಚೂ ಇಲ್ಲ. ಯಾರು ಬಂದು ಎಷ್ಟು ಹುಡುಕಿದರೂ ಫಲಕದಲ್ಲಿರುವುದೇ ನಿಜವಾಗುತ್ತದೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೇಸ್ತ್ರಿ ಹೇಳುವ ಪೈಕಿ ಅಲ್ಲ.

ಜನವರಿ 23, ಗುರುವಾರ

ಮಧ್ಯಾಹ್ನ ಅಂಗಡಿಯಾಕೆ ಚಹಾ ಇಳಿಸಿ ಫಲಕದ ಮುಂದೆ ನಿಂತಿದ್ದಳು. ಓದುತ್ತ ತುಟಿ ಅಲುಗುತ್ತಿತ್ತು. ನಾನು ನೋಡಿದ್ದು ಗೊತ್ತಾಗಿ ಸೆರಗು ಸರಿಮಾಡಿಕೊಂಡಳು.

"ಅಕ್ಷರ ಚೆನ್ನಾಗಿ ಕೂರಿಸಿದ್ದಾರೆ" ಅಂದಳು. "ದೂರದಿಂದಾನೂ ಓದಬಹುದು."

ಆಕೆ ಲೋಟಗಳನ್ನು ಒಂದರೊಳಗೊಂದು ಇಡುತ್ತ ತಾನೇ ಮಾತು ಮುಂದುವರಿಸಿದಳು. "ನಮ್ಮಜ್ಜಿ ಕಾಲದಿಂದ ನಮ್ಮನ್ನ ನೀರಿನೋರು ಅಂತ ಕರೀತಿದ್ರು. ಆ ಪುಸ್ತಕ ಬಂದ ಮೇಲೆ ಗೋಡೆ ತೋರಿಸಿದೋರು ಆದ್ವಿ. ನೋಡೋಕೆ ಬಂದೋರು ನನ್ನ ಅಂಗಡಿ ಮುಂದೆ ನಿಂತು ಫೋಟೋ ತೆಗೀತಾರೆ, ಚಹಾ ಕುಡಿಯಲ್ಲ. ನಂಗೇನೂ ಇಲ್ಲ, ಚರ್ಮ ದಪ್ಪ ಆಗಿದೆ. ನನ್ನ ಮಗಳಿದ್ದಾಳೆ, ಏಳನೇ ಕ್ಲಾಸು. ಶಾಲೆಯಿಂದ ಮಕ್ಕಳನ್ನ ಕೋಟೆಗೆ ಕರ್ಕೊಂಡು ಬರ್ತಾರಲ್ಲ, ಪ್ರತಿ ವರ್ಷ ಅವತ್ತೇ ಅವಳಿಗೆ ಜ್ವರ."

"ನಿಜವಾದ ಜ್ವರಾನಾ?"

"ಮೊದಲ ವರ್ಷ ಸುಳ್ಳು ಜ್ವರ. ಈಗೀಗ ನಿಜವಾಗಲೂ ಮೈ ಬಿಸಿಯಾಗುತ್ತೆ."

ಗರಗಸದ ಗೆರೆ ಎಳೆದವಳು ನಾನು ಎಂದು ಹೇಳಲು ಬಾಯಿ ಬರಲಿಲ್ಲ. ಚಹಾ ಚೆನ್ನಾಗಿದೆ ಅಂದೆ. ನನಗೇ ನಾಚಿಕೆಯಾಯಿತು.

ಜನವರಿ 24, ಶುಕ್ರವಾರ

ಯಾರನ್ನೂ ಕೇಳದೆ ಇಬ್ಬರು ಕೂಲಿಯವರನ್ನು ಕರೆದುಕೊಂಡು ಬಾಗಿಲಿನ ಬುಡದ ಮಣ್ಣು ತೆಗೆಸಿದೆ. ಮೊಳಕಾಲುದ್ದ ತೆಗೆಯುವಷ್ಟರಲ್ಲಿ ಹೊಸ್ತಿಲು ಸಿಕ್ಕಿತು. ಒಂದೇ ಕಲ್ಲು, ನಡುವೆ ತಗ್ಗಾಗಿ ಸವೆದಿದೆ. ಅಷ್ಟು ಸವೆಯಬೇಕಾದರೆ ಎಷ್ಟು ಕಾಲು, ಎಷ್ಟು ವರ್ಷ ತುಳಿದಿರಬೇಕು! ಅದರಾಚೆ ಬಂಡೆಯಲ್ಲೇ ಕಡಿದ ಮೆಟ್ಟಿಲು. ಆರು ಕಾಣುತ್ತವೆ, ಉಳಿದದ್ದು ಮುಳ್ಳುಪೊದೆಯೊಳಗೆ ಇಳಿದುಹೋಗಿದೆ. ಕೆಳಗೆ ಎಲ್ಲೋ ಬುಗ್ಗೆ ಇರಬೇಕು ಎಂದ ಮೇಸ್ತ್ರಿ.

ಹತ್ತನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಅವಳು ಹೊರಗೆ ಬಂದಳು. ಬರಬೇಕಾದದ್ದೇ. ಅದು ಅವಳ ದಿನದ ಕೆಲಸ, ಅದು ಅವಳ ಬಾಗಿಲು. ತಿರುಗಿ ಹೋಗಲಿಲ್ಲ ಎಂದು ಶತ್ರುವಿನ ಕರಣಿಕ ಬರೆಯುತ್ತಾನೆ. ಹೋಗಲು ಯಾರು ಬಿಟ್ಟರು? ಎಂಟು ದಿನ ಯಂತ್ರ ತರಲು ಬೇಕಾದ ಎಂಟು ದಿನವಲ್ಲ. ಒಳಗಿದ್ದವರು ನೀರಿಲ್ಲದೆ ತಡೆದುಕೊಂಡ ಎಂಟು ದಿನ. ಐದು ತಿಂಗಳು ಈ ಕೋಟೆಯನ್ನು ಉಳಿಸಿದ್ದು ದೊರೆಯ ಗೋಡೆಯಲ್ಲ, ಅವಳ ತಲೆಯ ಮೇಲಿನ ಕೊಡ.

ಇದೆಲ್ಲ ಸಾಬೀತು ಮಾಡಲು ನನ್ನಿಂದ ಆಗದು. ಆದರೆ ಇಲ್ಲಿ ಬಾಗಿಲಿತ್ತು ಎಂದು ಸಾಬೀತು ಮಾಡಬಲ್ಲೆ. ಯಾರು ಬಂದು ಇಲ್ಲ ಅನ್ನುತ್ತಾರೋ ನೋಡುತ್ತೇನೆ.

ಜನವರಿ 27, ಸೋಮವಾರ

ಇಂಜಿನಿಯರ್‌ಗೆ ಹೇಳಿದೆ. ಅವನು ಫೋನಿನಿಂದ ತಲೆ ಎತ್ತಿ ಪೂರ್ತಿ ಕೇಳಿದ್ದು ಇದೇ ಮೊದಲು. ಆಮೇಲೆ ಕಡತ ಬಿಚ್ಚಿ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದ. ನನ್ನದೇ ಹದಿನಾಲ್ಕನೆಯ ಹಾಳೆ. ಮೂಲೆಯಲ್ಲಿ ಮದುವೆಗೆ ಮುಂಚಿನ ನನ್ನ ಸಹಿ.

"ಮಂಜೂರಾಗಿರೋದು ಇದರ ಮೇಲೆ ಮೇಡಂ. ನಿಮ್ಮದೇ ಅಲ್ವಾ?"

"ನಂದೇ. ತಪ್ಪು."

"ತಪ್ಪು ಅಂದ್ರೆ?"

"ತಪ್ಪು ಅಂದ್ರೆ ತಪ್ಪು. ನಾನು ಹತ್ತಿ ನೋಡಲಿಲ್ಲ."

ಅವನು ನಕ್ಕ. ಒಳ್ಳೆಯ ನಗುವೇ, ಕೆಟ್ಟ ಹುಡುಗನಲ್ಲ. "ಮೇಡಂ, ಇಷ್ಟು ವರ್ಷ ಆದಮೇಲೆ ಯಾಕೆ ತಲೆ ಕೆಡಿಸ್ಕೊತೀರಿ? ಬರೆದು ಕೊಟ್ರೆ ಮೊದಲು ಹೋಗೋದು ನಿಮ್ಮ ಹೆಸರು. ಆಮೇಲೆ ನಿಮ್ಮ ಮಾವನವರದ್ದು. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈ ನಡುಗೋದು ನಾನು ನೋಡಿದ್ದೀನಿ. ಈಗ ಬರೆದ ಗೆರೆ ನಂಬಿ ಆಗ ಬರೆದಿದ್ದನ್ನ ತಳ್ಳಿಹಾಕಿ ಅಂದ್ರೆ ಮೇಲಿನವರು ಏನಂತಾರೆ?"

ಕಟ್ಟಿಕೊಂಡಿದ್ದ ಕೈಯನ್ನು ಬಿಚ್ಚಿ ಅವನ ಮೇಜಿನ ಮೇಲೆ ಇಟ್ಟೆ. ನಡುಗಲಿ, ನೋಡಲಿ ಎಂದು ಬಿಟ್ಟೆ.

"ಕೈ ಗಟ್ಟಿಯಾಗಿದ್ದಾಗ ಬರೆದಿದ್ದೇ ಸುಳ್ಳಾಯ್ತು ಸರ್. ಈ ಕೈ ಮುಟ್ಟಿ ನೋಡಿ ಬರೆದಿದೆ."

ಹೊರಗೆ ಬಂದಾಗ ಮೈಯೆಲ್ಲ ಬೆವೆತಿತ್ತು. ಆದರೂ ವಿಚಿತ್ರ, ಹಸಿವೂ ಆಯಿತು. ಎರಡು ದಿನದ ಊಟ ಒಂದೇ ಸಲ ಮಾಡಿದೆ.

ಫೆಬ್ರವರಿ 2, ಭಾನುವಾರ

ಊರಿಗೆ ಹೋಗಿ ಬಂದೆ. ಅರ್ಜಿ ಕೊಡುವ ಮೊದಲು ಮಾವನವರಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕು ಅನಿಸಿತ್ತು.

ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಎಲ್ಲವನ್ನೂ ಹೇಳಿದೆ. ಏಣಿ, ಬಸ್ಸು, ಎರಡು ನಿಮಿಷ, ಅಗುಳಿಯ ತೂತು, ಹೊಸ್ತಿಲು. ಅವರ ಮುಖ ನನ್ನ ಕಡೆಗಿತ್ತು, ಕಣ್ಣು ಎಲ್ಲೋ ಇತ್ತು.

"ಅವತ್ತು ನಾನು ಕೇಳಿದ್ದೆ ನಿನ್ನ. ಅಂಚು ಸರಿಯಾಗಿ ನೋಡಿದ್ಯಾ ಅಂತ."

"ಕೇಳಿದ್ರಿ ಮಾವ. ಹೂಂ ಅಂದಿದ್ದೆ."

ಇವರು ಬಾಗಿಲಲ್ಲಿ ನಿಂತು ಬೇಡ, ಸಾಕು ಎಂದು ಸನ್ನೆ ಮಾಡುತ್ತಿದ್ದರು.

"ನಂದು ಅಂತ ಇರೋದು ಅದೊಂದೇ ಪುಸ್ತಕ. ನಾನು ಹೋದ ಮೇಲೆ ತಿದ್ದು" ಅಂದರು ಕೊನೆಗೆ.

"ಅಷ್ಟು ಹೊತ್ತಿಗೆ ಬಾಗಿಲು ಮುಚ್ಚಿರ್ತಾರೆ ಮಾವ."

"ಸೊಸೆಯಾಗಿ ಹೇಳ್ತಿದ್ದೀಯೋ, ನಕ್ಷೆಯವಳಾಗಿ ಹೇಳ್ತಿದ್ದೀಯೋ?"

"ಅವತ್ತು ಹೂಂ ಅಂದೋಳಾಗಿ ಹೇಳ್ತಿದ್ದೀನಿ."

ಅವರು ಮುಖವನ್ನು ಕಿಟಕಿಗೆ ತಿರುಗಿಸಿದರು. ಈ ಮನೆಗೆ ಬಂದ ಮೇಲೆ ಅವರ ಮಾತಿಗೆ ಎದುರಾಡಿದ್ದು ಇದೇ ಮೊದಲು. ನೋವಾಯಿತು, ಅಳುವೂ ಬಂತು. ಆದರೆ ಹೇಳಿದ ಮಾತಿನಲ್ಲಿ ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಲಿಲ್ಲ.

ಬಸ್ ನಿಲ್ದಾಣದವರೆಗೂ ಇವರು ಚೀಲ ಹಿಡಿದುಕೊಂಡು ಬಂದರು. "ಅಪ್ಪನ್ನ ನಾನು ನೋಡ್ಕೋತೀನಿ" ಅಂದರು. ಸ್ವಲ್ಪ ತಡೆದು, "ಕೈ ಯಾವಾಗಿಂದ ಹೀಗಾಗ್ತಿದೆ?" ಎಂದು ಕೇಳಿದರು. ಹೇಳಿದೆ. ಬಸ್ಸು ಬರುವವರೆಗೂ ಆ ಕೈಯನ್ನು ಬಿಡಲಿಲ್ಲ. ಮೂವತ್ತು ವರ್ಷದಲ್ಲಿ ಬೀದಿಯಲ್ಲಿ ಹಾಗೆ ನಿಂತವರೇ ಅಲ್ಲ.

ಫೆಬ್ರವರಿ 6, ಗುರುವಾರ

ಅರ್ಜಿ ಕೊಟ್ಟೆ. ಮೂರು ಸಾಲು. 'ದಕ್ಷಿಣ ಗೋಡೆಯ ಹಾಳೆ 14ರಲ್ಲಿ ಮುರಿದ ಅಂಚೆಂದು ತೋರಿಸಿರುವುದು ತಪ್ಪು. ನಾನು ಹತ್ತಿ ನೋಡದೆ ಬರೆದೆ. ಅದು ಬಾಗಿಲು.' ಇಂಜಿನಿಯರ್ ಮೇಲಿನವರಿಗೆ ಕಳಿಸಿದ. ಉತ್ತರ ಬರುವವರೆಗೆ ಕೆಲಸ ನಿಲ್ಲುವುದಿಲ್ಲ ಎಂದೂ ಹೇಳಿದ.

ಆಮೇಲೆ ಅಂಗಡಿಗೆ ಹೋದೆ. ಆಕೆ ಒಲೆಯ ಮುಂದೆ ಪಾತ್ರೆ ಉಜ್ಜುತ್ತಿದ್ದಳು. ನಿಂತೇ ಹೇಳಿದೆ. ಕೂತು ಹೇಳುವ ಯೋಗ್ಯತೆ ಇರಲಿಲ್ಲ. ಬಾಗಿಲಿನ ವಿಷಯ ಬಂದಾಗ ಆಕೆಯ ಕೈ ನಿಂತಿತು. ಗೆರೆ ಎಳೆದವಳು ನಾನು ಎಂದಾಗ ಎದ್ದು ನಿಂತಳು.

"ಏಣಿ ಗಿಡ್ಡ ಇತ್ತು ಅಂತ?"

"ಹೌದು."

"ಒಂದು ಮೊಳ."

"ಹೌದು."

"ನಮ್ಮಮ್ಮ ಸಾಯೋವರೆಗೂ ತಲೆ ತಗ್ಗಿಸಿಕೊಂಡೇ ಓಡಾಡಿದ್ಲು. ನನ್ನ ಮಗಳಿಗೆ ವರ್ಷ ವರ್ಷ ಜ್ವರ. ನೀವು ಮೇಲೆ ಹತ್ತಲಿಲ್ಲ ಅಂತ." ಧ್ವನಿ ಏರಲಿಲ್ಲ, ಅದಕ್ಕೇ ಭಯವಾಯಿತು. "ಒಂದು ತಿಂಗಳಿಂದ ನನ್ನ ಕೈಯಿಂದ ಚಹಾ ಕುಡೀತಿದ್ದೀರಲ್ಲ, ಆವಾಗೆಲ್ಲ ಗೊತ್ತಿತ್ತಾ?"

"ಮೊದಲು ಗೊತ್ತಿರಲಿಲ್ಲ. ಆಮೇಲೆ ಗೊತ್ತಿತ್ತು."

"ಹೋಗಿ" ಅಂದಳು.

ಬಂದೆ. ಆಕೆ ಬೈದಿದ್ದರೆ ಸುಲಭವಾಗುತ್ತಿತ್ತು.

ಫೆಬ್ರವರಿ 10, ಸೋಮವಾರ

ನನಗೆ ಚಹಾ ಇಲ್ಲ. ಉಳಿದ ಹದಿನೇಳು ಜನಕ್ಕೂ ಕೊಟ್ಟು, ನನ್ನ ಮುಂದೆ ಬಂದಾಗ ಲೋಟ ಮಗುಚಿ ಹಿಡಿದು ಮುಂದೆ ಹೋಗುತ್ತಾಳೆ. ಮೇಸ್ತ್ರಿ ತನ್ನದರಲ್ಲಿ ಅರ್ಧ ಕೊಡಲು ಬಂದ. ಬೇಡ ಎಂದೆ. ಇದು ನಮ್ಮಿಬ್ಬರ ವ್ಯವಹಾರ.

ಹಾಳೆ ಹದಿನಾಲ್ಕು ಹೊಸದಾಗಿ ಬರೆಯುತ್ತಿದ್ದೇನೆ. ಗೆರೆ ಅಲ್ಲಲ್ಲಿ ಅಲುಗಿದೆ. ಅಲುಗಲಿ, ಅಳತೆ ಸರಿಯಿದೆ.

ಫೆಬ್ರವರಿ 13, ಗುರುವಾರ

ಮೇಲಿನವರಿಂದ ಉತ್ತರವಿಲ್ಲ. ನಾಳೆ ಕಲ್ಲು ತುಂಬುತ್ತಾರೆ. ಸರಿ, ನಾನೂ ಇರುತ್ತೇನೆ.

ಫೆಬ್ರವರಿ 14, ಶುಕ್ರವಾರ

ಬೆಳಿಗ್ಗೆ ಏಳಕ್ಕೇ ಹೋಗಿ ಹೊಸ್ತಿಲಿನ ಮೇಲೆ ಕೂತೆ. ಮಡಿಲಲ್ಲಿ ಹಲಗೆ, ಹಲಗೆಯ ಮೇಲೆ ಹಾಳೆ. ಕೆಲಸದವರು ಬಂದು, ಮೊದಲ ಕಲ್ಲನ್ನು ರಾಟೆಗೆ ಕಟ್ಟಿ, ನನ್ನನ್ನು ನೋಡಿ ನಿಂತರು. ಇಂಜಿನಿಯರ್ ಓಡುತ್ತ ಬಂದ.

"ಮೇಡಂ, ಏಳಿ."

"ಹಾಳೆ ಮುಗಿದಿಲ್ಲ ಸರ್."

"ಎಷ್ಟು ಹೊತ್ತು ಬೇಕು?"

"ನಿಮ್ಮ ಮೇಲಿನವರಿಗೆ ಉತ್ತರ ಬರೆಯೋಕೆ ಎಷ್ಟು ಹೊತ್ತು ಬೇಕೋ ಅಷ್ಟು."

ಅವನ ಕಿವಿ ಕೆಂಪಾಯಿತು. ಪೊಲೀಸರನ್ನು ಕರೆಯಬೇಕಾಗುತ್ತದೆ ಅಂದ. ಕರೆಯಿರಿ, ನೋಡುವ ಕಣ್ಣು ಹೆಚ್ಚಾದಷ್ಟೂ ಒಳ್ಳೆಯದೇ ಅಂದೆ. ಅವನು ಮೇಸ್ತ್ರಿಯ ಕಡೆ ತಿರುಗಿ ಕಲ್ಲು ಇಳಿಸು ಎಂದು ಕೂಗಿದ. ಮೇಸ್ತ್ರಿ ಒಂದು ಸುತ್ತು ಕೆಮ್ಮಿ ಮುಗಿಸಿದ.

"ಕೂತೋರ ಮೇಲೆ ಕಲ್ಲಿಡೋ ಕಸುಬು ನಮ್ಮಪ್ಪ ನಂಗೆ ಕಲಿಸಲಿಲ್ಲ ಸಾರ್."

ಹನ್ನೊಂದು ಗಂಟೆಯಾಯಿತು. ಬಿಸಿಲು ನೇರ ಮುಖಕ್ಕೆ. ಚಹಾದ ಹೊತ್ತು, ಆಕೆ ಬಂದಿರಲಿಲ್ಲ. ಎಲ್ಲರಿಗೂ ಬಾಯಿ ಒಣಗಿತ್ತು. ಇಂಜಿನಿಯರ್ ಇನ್ನಿಬ್ಬರನ್ನು ಕರೆದು, ನಿಧಾನವಾಗಿ ನನ್ನನ್ನು ಎತ್ತಿ ಪಕ್ಕಕ್ಕೆ ಕೂರಿಸಿ ಅಂದ. ಅವರು ಒಂದು ಹೆಜ್ಜೆ ಮುಂದೆ ಬಂದರು.

ಆಗ ನನ್ನ ಬೆನ್ನ ಹಿಂದೆ, ಗೋಡೆಯ ಆಚೆ, ಮುಳ್ಳುಪೊದೆ ಅಲುಗಿತು. ಯಾರೋ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ತಿರುಗಿ ನೋಡಿದೆ. ತಲೆಯ ಮೇಲೆ ಒಂದು ಕೊಡ, ಕಂಕುಳಲ್ಲಿ ಒಂದು. ಕೈತುಂಬ ಗೀರು, ಮೊಳಕೈಯಲ್ಲಿ ರಕ್ತ. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡಿದ್ದಳು. ಕೆಳಗಿನ ಬುಗ್ಗೆಯಿಂದ ಇಲ್ಲಿಯವರೆಗೆ ದಾರಿಯನ್ನು ತಾನೇ ಕಡಿದುಕೊಂಡು ಬಂದಿದ್ದಳು.

"ದಾರಿ..." ಅನ್ನುವಷ್ಟರಲ್ಲಿ ಉಸಿರು ಹಿಡಿಯಿತು. ಸುಧಾರಿಸಿಕೊಂಡು, "ದಾರಿ ಬಿಡಿ ನಕ್ಷೆಯಮ್ಮ" ಅಂದಳು.

ಬೆಳಗಿನಿಂದ ಯಾರಿಗೂ ಏಳದವಳು ಎದ್ದೆ.

ಆಕೆ ಹೊಸ್ತಿಲು ದಾಟಿ ಒಳಗೆ ಬಂದಳು. ಕೊಡಗಳನ್ನು ಇಂಜಿನಿಯರ್‌ನ ಮುಂದೆ ಇಳಿಸಿದಳು. ಒಂದು ಹನಿಯೂ ಚೆಲ್ಲಿರಲಿಲ್ಲ.

"ನಮ್ಮವಳು ಇಲ್ಲಿಂದ ಹೊರಗೆ ಹೋದೋಳು ವಾಪಸ್ ಬರಲಿಲ್ಲ ಅಂತ ಬರೆದಿದ್ದಾರಲ್ಲ ಸ್ವಾಮಿ. ನಾನು ಬಂದಿದ್ದೀನಿ. ನೀರು ತಂದಿದ್ದೀನಿ. ಮೊದಲು ಕುಡೀರಿ, ಆಮೇಲೆ ಇದು ಬಾಗಿಲಲ್ಲ ಅಂತ ನನ್ನ ಮುಖ ನೋಡಿ ಹೇಳಿ."

ಮೇಸ್ತ್ರಿ ಮೊದಲು ಬೊಗಸೆಯೊಡ್ಡಿದ. ಕೂಲಿಯವರು ಒಬ್ಬೊಬ್ಬರಾಗಿ ಬಂದರು. ಅಂದು ಆಕೆಯ ಮನೆತನದ ಹೆಸರೆತ್ತಿ ನಕ್ಕಿದ್ದವನೂ ಬಂದ. ಇಂಜಿನಿಯರ್ ಹೊಸ್ತಿಲನ್ನು, ಅದರ ಮೇಲಿನ ಕೆಸರಿನ ಹೆಜ್ಜೆಯನ್ನು ನೋಡುತ್ತ ನಿಂತಿದ್ದ. ಆಮೇಲೆ ಅವನೂ ಕುಡಿದ. ಬಾಯಿ ಒರೆಸಿಕೊಂಡು ದೂರ ಹೋಗಿ ಫೋನ್ ಹಚ್ಚಿದ. "ಇಲ್ಲ ಸರ್, ನಾನೇ ನಿಲ್ಲಿಸಿದ್ದೀನಿ. ನೀವೇ ಬಂದು ನೋಡಬೇಕು" ಎಂಬುದಷ್ಟೇ ನನಗೆ ಕೇಳಿಸಿತು.

ನನಗೆ ಮಾತ್ರ ಆಕೆ ನೀರು ಕೊಡಲಿಲ್ಲ.

ಫೆಬ್ರವರಿ 18, ಮಂಗಳವಾರ

ಆದೇಶ ಬಂತು. ಬಾಗಿಲನ್ನು ಮುಚ್ಚುವಂತಿಲ್ಲ. ಫಲಕ ತೆಗೆಯಬೇಕು. ಬೇರೆಯವರು ಬಂದು ದಕ್ಷಿಣ ಗೋಡೆಯನ್ನು ಮೊದಲಿನಿಂದ ಅಳೆಯುತ್ತಾರೆ. ಹಿಂದಿನ ನಕ್ಷೆಯಲ್ಲಿ ಗಂಭೀರ ಲೋಪ ಎಸಗಿದ್ದಕ್ಕೆ ನನ್ನನ್ನು ಕೆಲಸದಿಂದ ಬಿಡಿಸಲಾಗಿದೆ. ಸರಿಯಾಗಿಯೇ ಬರೆದಿದ್ದಾರೆ. ನಾನಾಗಿದ್ದರೆ ಇನ್ನೂ ಖಾರವಾಗಿ ಬರೆಯುತ್ತಿದ್ದೆ.

ಇವರು ಫೋನ್ ಮಾಡಿದ್ದರು. ಮಾವನವರು ತಮ್ಮ ಪುಸ್ತಕದ ಆ ಅಧ್ಯಾಯವನ್ನು ಮೂರು ಸಲ ಓದಿಸಿ ಕೇಳಿದರಂತೆ. ಮರುಮುದ್ರಣ ಬೇಡ ಎಂದು ಹೇಳಿ ಕಳಿಸಿದರಂತೆ. ನನ್ನ ಬಗ್ಗೆ ಒಂದು ಮಾತೂ ಇಲ್ಲ. ಮನೆಗೆ ಹೋಗಿ ಎದುರಿಗೆ ಕೂರಬೇಕು. ಕೂರುತ್ತೇನೆ.

ಚೀಲ ಕಟ್ಟಿ, ಬೆಟ್ಟ ಹತ್ತಿ ಕೊನೆಯ ಸಲ ಬಾಗಿಲ ಬಳಿ ಹೋದೆ. ಆಕೆ ಅಲ್ಲಿದ್ದಳು, ಹೊಸ್ತಿಲಿನ ಪಕ್ಕದ ಮುಳ್ಳು ಸವರುತ್ತಿದ್ದಳು.

"ನನ್ನ ಮೇಲೆ ಸಿಟ್ಟು ಇದೆಯಾ?" ಎಂದು ಕೇಳಿದೆ. ದಡ್ಡ ಪ್ರಶ್ನೆ.

"ಇದೆ. ಇರುತ್ತೆ."

"ಹೊರಟೆ. ಬಾಯಾರಿದೆ. ಒಂದು ಲೋಟ ನೀರು ಕೊಡು."

ಆಕೆ ಕುಡುಗೋಲಿನಿಂದ ಕೆಳಗೆ ತೋರಿಸಿದಳು. "ಬುಗ್ಗೆ ಅಲ್ಲಿದೆ. ಮೆಟ್ಟಿಲಿದೆ. ಈ ಸಲ ನಿಮ್ಮ ಕಾಲಲ್ಲೇ ಹೋಗಿ ನೋಡ್ಕೊಂಡು ಬನ್ನಿ."

ಇಳಿದೆ. ಎಣಿಸಿಕೊಂಡು ಇಳಿದೆ. ಒಂದು ಕೈ ಬಂಡೆಯ ಮೇಲೆ, ಇನ್ನೊಂದು ಮಂಡಿಯ ಮೇಲೆ. ಮೂವತ್ತನೆಯದರಲ್ಲಿ ಮಂಡಿ ಕೈಕೊಟ್ಟು ಕೂತುಬಿಟ್ಟೆ. ಎದ್ದೆ. ಒಟ್ಟು ಅರವತ್ತೆರಡು ಮೆಟ್ಟಿಲು, ಒಂದೂ ಮುರಿದಿಲ್ಲ. ಬುಗ್ಗೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಹೊಟ್ಟೆ ತುಂಬ ಕುಡಿದು ತಲೆ ಎತ್ತಿ ನೋಡಿದೆ. ಆಕೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕೈಹಿಡಿಯಲು ಒಂದು ಮೆಟ್ಟಿಲೂ ಕೆಳಗಿಳಿದು ಬರಲಿಲ್ಲ. ನಾನು ಅರವತ್ತೆರಡನ್ನೂ ಹತ್ತಿ ಮುಗಿಸುವವರೆಗೆ ಅಲ್ಲಿಂದ ಕದಲಲೂ ಇಲ್ಲ.